ಮೆಡಿಸಿನ್ ಪೋಸ್ಟಿಂಗ್: ವಾರ್ಡಿನಲ್ಲಿ ನಿಮ್ಮಿಂದ ಏನು ಬೇಕು?

ಬೆಳಿಗ್ಗೆ ಎಂಟೂವರೆ. ಕಲಬುರಗಿಯ ಒಂದು ದೊಡ್ಡ ಆಸ್ಪತ್ರೆಯ ಮೆಡಿಸಿನ್ ವಾರ್ಡು. ಮಾರ್ಚ್ ಇನ್ನೂ ಮುಗಿದಿಲ್ಲ, ಬಿಸಿಲು ಆಗಲೇ ಕಿಟಕಿಯಿಂದ ಕಾಟಿನ ಮೇಲೆ ಬಂದು ಕೂತಿದೆ. ರಾತ್ರಿ ನೆಲದ ಮೇಲೆ ಮಲಗಿದ್ದ ರೋಗಿಗಳ ಕಡೆಯವರು ಚಾದರ ಮಡಚುತ್ತಿದ್ದಾರೆ. ಯಾರೋ ರೊಟ್ಟಿ ಗಂಟು ಬಿಚ್ಚುತ್ತಿದ್ದಾರೆ. ಸಿಸ್ಟರ್ ಚಾರ್ಟ್ ತುಂಬುತ್ತಿದ್ದಾರೆ. ಬಾಗಿಲ ಹತ್ತಿರ ಹತ್ತು ಹನ್ನೆರಡು ಹುಡುಗ ಹುಡುಗಿಯರು ನಿಂತಿದ್ದಾರೆ. ಮಡಿಕೆ ಬಿಡದ ಬಿಳಿ ಏಪ್ರನ್, ಕೊರಳಲ್ಲಿ ಹೊಸ ಸ್ಟೆತ್. ಎಲ್ಲಿ ನಿಲ್ಲಬೇಕು, ಯಾರನ್ನು ಮಾತಾಡಿಸಬೇಕು, ಏನು ಮುಟ್ಟಬಹುದು, ಒಂದೂ ಗೊತ್ತಿಲ್ಲ.

ನಾನೂ ಒಂದು ಕಾಲಕ್ಕೆ ಆ ಬಾಗಿಲಲ್ಲಿ ಹಾಗೇ ನಿಂತಿದ್ದೆ. ಶಿವಮೊಗ್ಗ ಕಡೆಯಿಂದ ಓದಲು ಬಂದು ಇಲ್ಲೇ ಉಳಿದೆ. ಈಗ ವಾರ್ಡಿನ ಒಳಗೆ ನಿಂತು ಬಾಗಿಲ ಕಡೆ ನೋಡುತ್ತೇನೆ. ಕಲಬುರಗಿಯಲ್ಲಿ 1963ರಲ್ಲಿ ಶುರುವಾದ ಎಂ.ಆರ್. ಮೆಡಿಕಲ್ ಕಾಲೇಜಿನಿಂದ ಹಿಡಿದು ಜಿಮ್ಸ್, ಇ.ಎಸ್.ಐ., ಕೆ.ಬಿ.ಎನ್. ತನಕ, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಪ್ರತಿ ವರ್ಷ ಈ ಕಡೆ ಎಷ್ಟೋ ಮಕ್ಕಳು ಮೊದಲ ಸಲ ವಾರ್ಡಿಗೆ ಕಾಲಿಡುತ್ತಾರೆ. ಅವರಿಂದ ಏನು ಬೇಕು ಅಂತ ಬಿಡಿಸಿ ಹೇಳುವವರು ಕಮ್ಮಿ. ಬರೆದಿಡೋಣ ಅನ್ನಿಸಿತು. ‘ನಮ್ಮ ಮಗಳು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಏನು ಮಾಡುತ್ತಾಳೆ’ ಅಂತ ಕೇಳುವ ಅಪ್ಪ ಅಮ್ಮಂದಿರಿಗೂ ಇದು ಉಪಯೋಗವಾಗಬಹುದು. ‘ಒಂದೇ ಮಾತನ್ನು ಐದು ಜನ ಯಾಕೆ ಕೇಳುತ್ತಾರೆ’ ಅಂತ ಬೇಸರಪಡುವ ರೋಗಿಗಳಿಗೂ.

ಮೊದಲು ಮೆಡಿಸಿನ್ ಅಂದರೇನು ಅಂತ ನೋಡೋಣ. ಇಲ್ಲಿ ಮೆಡಿಸಿನ್ ಅಂದರೆ ಔಷಧಿ ಅಲ್ಲ. ದೊಡ್ಡವರಿಗೆ ಬರುವ, ಚಾಕು ಹಿಡಿಯದೆ ನೋಡುವ ಕಾಯಿಲೆಗಳ ವಿಭಾಗ ಅದು. ಜ್ವರ, ಶುಗರ್, ಬಿಪಿ, ಟಿಬಿ, ಹೃದಯ, ಲಿವರ್, ಕಿಡ್ನಿ, ಇಲ್ಲಿನ ಜನ ಲಕ್ವಾ ಅನ್ನುವ ಪಾರ್ಶ್ವವಾಯು, ಹಾವು ಕಡಿತ, ವಿಷ, ಎಲ್ಲ ಇಲ್ಲಿಗೇ ಬರುತ್ತವೆ. ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಎರಡನೇ ವರ್ಷದಿಂದ ದಿನಾ ಬೆಳಿಗ್ಗೆ ಸುಮಾರು 3 ಗಂಟೆ ವಾರ್ಡಿನಲ್ಲಿ ಕಳೆಯಬೇಕು. ಒಂದೊಂದು ವಿಭಾಗಕ್ಕೆ ಇಷ್ಟು ವಾರ ಅಂತ ಸರತಿ ಇರುತ್ತದೆ. ಅದನ್ನೇ ಪೋಸ್ಟಿಂಗ್ ಅನ್ನುವುದು. ಮೆಡಿಸಿನ್ ಪೋಸ್ಟಿಂಗ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಎರಡನೇ ವರ್ಷ, ಮೂರನೇ ವರ್ಷ, ಕೊನೆ ವರ್ಷ, ಇಂಟರ್ನ್‌ಶಿಪ್ಪಿನಲ್ಲಿ 6 ವಾರ, ಹೀಗೆ ಮತ್ತೆ ಮತ್ತೆ ಬರುತ್ತದೆ. ಬೇರೆ ಯಾವ ವಿಭಾಗಕ್ಕೆ ಹೋದರೂ ಇಲ್ಲಿ ಕಲಿತದ್ದು ಕೈ ಹಿಡಿಯುತ್ತದೆ.

ಒಂದೊಂದು ಹಂತದಲ್ಲಿ ಒಂದೊಂದು ಥರ ಕೆಲಸ. ಎರಡನೇ ವರ್ಷದವರಿಂದ ಯಾರೂ ಕಾಯಿಲೆ ಹೆಸರು ಬಯಸುವುದಿಲ್ಲ. ಸರಿಯಾಗಿ ಮಾತಾಡಿಸಿ, ಸರಿಯಾಗಿ ಮುಟ್ಟಿ ನೋಡಿ, ಕಂಡದ್ದನ್ನು ಹೇಳಿದರೆ ಸಾಕು. ಕೊನೆ ವರ್ಷದವರು ಕಂಡದ್ದನ್ನೆಲ್ಲ ಜೋಡಿಸಿ ‘ಇದು ಹೀಗಿರಬಹುದು, ಯಾಕೆಂದರೆ ಇದು’ ಅಂತ ವಾದ ಕಟ್ಟಬೇಕು. ಇಂಟರ್ನ್ ಆದವರು ರಕ್ತ ತೆಗೆಯಬೇಕು, ರಕ್ತನಾಳಕ್ಕೆ ಕ್ಯಾನ್ಯುಲಾ ಅನ್ನುವ ಸಣ್ಣ ಕೊಳವೆ ಹಾಕಬೇಕು, ರಿಪೋರ್ಟ್ ಹಿಂದೆ ಓಡಬೇಕು. ಔಷಧಿ ಬರೆಯುವ ನಿರ್ಧಾರ ಮೇಲಿನವರದು. ವಿದ್ಯಾರ್ಥಿ ತಾನಾಗಿ ಡೋಸ್ ಬದಲಿಸುವಂತಿಲ್ಲ, ರೋಗಿಗೆ ‘ಈ ಗುಳಿಗೆ ಬಿಡಿ’ ಅನ್ನುವಂತಿಲ್ಲ.

ಮೇಲಿನವರು ಅಂದರೆ ಯೂನಿಟ್. ಯೂನಿಟ್ ಅಂದರೆ ಒಂದು ಮನೆ ಇದ್ದ ಹಾಗೆ. ಮೇಲೆ ಪ್ರೊಫೆಸರ್, ಅವರ ಕೆಳಗೆ ಅಸೋಸಿಯೇಟ್, ಅಸಿಸ್ಟೆಂಟ್, ಸೀನಿಯರ್ ರೆಸಿಡೆಂಟ್, ಆಮೇಲೆ ಎಂ.ಡಿ. ಓದುತ್ತಿರುವ ಪಿಜಿಗಳು, ಇಂಟರ್ನ್‌ಗಳು, ಕೊನೆಗೆ ನೀವು. ವಾರದಲ್ಲಿ ಒಂದು ದಿನ ಆ ಯೂನಿಟ್ಟಿನ ಅಡ್ಮಿಷನ್ ಡೇ. ಆ ದಿನ ಸೇರಿದವರೆಲ್ಲ ಆ ಯೂನಿಟ್ಟಿನ ರೋಗಿಗಳು. ಒಬ್ಬ ಪಿಜಿ ಒಂದು ರಾತ್ರಿಯಲ್ಲಿ ಎಷ್ಟು ಜನರನ್ನು ನೋಡುತ್ತಾರೆ ಅಂತ ಒಮ್ಮೆ ಜೊತೆಗಿದ್ದು ನೋಡಿ, ಅವರ ಸಿಡಿಮಿಡಿ ಅರ್ಥವಾಗುತ್ತದೆ. ಅವರ ಹತ್ತಿರ ಇಲ್ಲದ ಒಂದು ವಸ್ತು ನಿಮ್ಮ ಹತ್ತಿರ ಇದೆ: ಸಮಯ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ವಾರ್ಡಿನಲ್ಲಿ ನಿಮಗೆ ಒಬ್ಬರನ್ನೋ ಇಬ್ಬರನ್ನೋ ಒಪ್ಪಿಸಿರುತ್ತಾರೆ. ಆ ಒಬ್ಬ ಮನುಷ್ಯನ ಬಗ್ಗೆ ವಾರ್ಡಿನಲ್ಲಿ ಬೇರೆ ಯಾರಿಗಿಂತಲೂ ನಿಮಗೆ ಜಾಸ್ತಿ ಗೊತ್ತಿರಬೇಕು. ಪುಸ್ತಕದಲ್ಲಿರುವುದು ಪ್ರೊಫೆಸರಿಗೆ ನಿಮಗಿಂತ ಜಾಸ್ತಿ ಗೊತ್ತು, ಅದರಲ್ಲಿ ನೀವು ಗೆಲ್ಲಲಾರಿರಿ. ಆದರೆ ನಿನ್ನೆ ರಾತ್ರಿ ಆ ಅಜ್ಜಿ ಎಷ್ಟು ಸಲ ಎದ್ದು ಕೂತಳು, ಮನೆಯಲ್ಲಿ ಯಾವ ಗುಳಿಗೆ ಬಿಟ್ಟಳು, ಯಾಕೆ ಬಿಟ್ಟಳು, ಇದನ್ನು ತಿಳಿಯಲು ವರ್ಷಗಳ ಓದು ಬೇಡ. ಕಾಟಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂರಬೇಕು, ಅಷ್ಟೇ.

ಸುಮ್ನೆ ಹೇಳುತ್ತಿಲ್ಲ. 1975ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಸಣ್ಣ ಅಧ್ಯಯನ ಬಂದಿತ್ತು. ಓ.ಪಿ.ಡಿ.ಗೆ ಹೊಸದಾಗಿ ಬಂದ 80 ರೋಗಿಗಳು. ಅವರಲ್ಲಿ 66 ಜನರ ಕಾಯಿಲೆ ಏನು ಅನ್ನೋದು, ಕಳಿಸಿದ ಡಾಕ್ಟರ ಚೀಟಿ ಓದಿ ಹಿಸ್ಟರಿ, ಅಂದರೆ ಕಾಯಿಲೆಯ ಹಿಂದುಮುಂದು, ಕೇಳಿದ ಹೊತ್ತಿಗೇ ಸರಿಯಾಗಿ ಗೊತ್ತಾಗಿತ್ತು. ಮೈ ಪರೀಕ್ಷೆ ಮಾಡಿದ ಮೇಲೆ ದಾರಿ ಸಿಕ್ಕಿದ್ದು 7 ಜನರಲ್ಲಿ, ಲ್ಯಾಬ್ ರಿಪೋರ್ಟಿನಿಂದ ಸಿಕ್ಕಿದ್ದು ಇನ್ನು 7 ಜನರಲ್ಲಿ. ಆಮೇಲೆ ಸ್ಕ್ಯಾನುಗಳು ಬಂದವು, ಕಾಲ ಬದಲಾಯಿತು, ನಿಜ. ಆದರೂ ಯಾವ ಸ್ಕ್ಯಾನ್ ಮಾಡಿಸಬೇಕು ಅಂತ ಹೇಳುವುದು ಈಗಲೂ ಹಿಸ್ಟರಿಯೇ.

ಹಿಸ್ಟರಿ ಬರೆಯುವ ಕ್ರಮ ಎಲ್ಲರಿಗೂ ಪಾಠ ಮಾಡಿರುತ್ತಾರೆ. ಏನು ತೊಂದರೆ, ಎಷ್ಟು ದಿನದಿಂದ, ಯಾವುದು ಮೊದಲು ಯಾವುದು ಆಮೇಲೆ, ಹಿಂದೆ ಏನಾಗಿತ್ತು, ಮನೆಯಲ್ಲಿ ಯಾರಿಗಿದೆ, ಊಟ, ನಿದ್ದೆ, ಚಟ. ಈ ಖಾನೆಗಳನ್ನು ತುಂಬುವುದು ಸುಲಭ. ಕಷ್ಟ ಇರುವುದು ಮಾತಿನಲ್ಲಿ. ಅದರಲ್ಲೂ ಈ ಕಡೆಯ ಮಾತಿನಲ್ಲಿ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ನವೆಂಬರ್ ತಿಂಗಳು. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತು. ಸಂಜೆ ಮೂವತ್ತರ ಆಸುಪಾಸಿನ ಒಬ್ಬನನ್ನು ಕರೆತಂದರು. ಬೆವರಿನಿಂದ ಅಂಗಿ ತೊಯ್ದಿತ್ತು. ವಾಂತಿ, ಮಂಪರು, ಮಾತು ತೊದಲು. ಹೆಂಡತಿ ಹೇಳಿದ್ದು ಇಷ್ಟು: “ಮುಂಜಾನಿಂದ ಹೊಲದಾಗ ಎಣ್ಣಿ ಹೊಡದಾನ್ರಿ. ಮನಿಗಿ ಬಂದ ಮ್ಯಾಲ ಒಂದೇ ಸವನ ವಾಂತಿ ಮಾಡ್ಲಾಕತ್ತಾನ್ರಿ.” ನಾನು ಮೂರನೇ ವರ್ಷದ ವಿದ್ಯಾರ್ಥಿ. ನಮ್ಮ ಕಡೆ ಎಣ್ಣೆ ಹೊಡೆಯೋದು ಅಂದರೆ ಹೆಂಡ ಕುಡಿಯೋದು. ಬೆಳಿಗ್ಗೆಯಿಂದ ಹೊಲದಲ್ಲಿ ಕೂತು ಕುಡಿದಿದ್ದಾನೆ ಅಂದುಕೊಂಡೆ. ನೋಟ್‌ಬುಕ್ಕಿನಲ್ಲಿ ‘ಮದ್ಯ, ಬೆಳಿಗ್ಗೆಯಿಂದ’ ಅಂತ ಬರೆದೆ. ಪಿಜಿಗೂ ಹಾಗೇ ಹೇಳಿದೆ.

ಅವರು ಈ ಕಡೆಯವರೇ. ನನ್ನ ಮಾತು ಕೇಳುತ್ತಲೇ ಬಗ್ಗಿ ರೋಗಿಯ ರೆಪ್ಪೆ ಎತ್ತಿದರು. ಟಾರ್ಚ್ ಬೇಕಾಗಲಿಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಹೆಂಡತಿ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: “ಯಾವ ಎಣ್ಣಿ?” ಅವಳು ಸೆರಗಿನಲ್ಲಿ ಸುತ್ತಿ ತಂದಿದ್ದ ಬಾಟಲಿ ತೆಗೆದಳು. “ತೊಗರಿಗಿ ಹೊಡಿಯೋ ಎಣ್ಣಿರಿ.” ಕೀಟನಾಶಕ. ಇಲ್ಲಿ ಬೆಳೆಗೆ ಹೊಡೆಯುವ ಔಷಧಿಗೆ ಎಣ್ಣಿ ಅನ್ನುತ್ತಾರೆ. ಮುಖಕ್ಕೆ ಬಟ್ಟೆ ಇಲ್ಲದೆ, ಗಾಳಿಗೆ ಎದುರಾಗಿ ಇಡೀ ದಿನ ಹೊಡೆದಿದ್ದ. ಚರ್ಮದಿಂದ, ಉಸಿರಿನಿಂದ ವಿಷ ಒಳಗೆ ಹೋಗಿತ್ತು.

ಅವನು ಹೊಡೆದಂಥ ಕೀಟನಾಶಕಗಳು ನರಗಳ ತುದಿಯಲ್ಲಿ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕವನ್ನು ಒಡೆಯುವುದು ಆ ಕಿಣ್ವದ ಕೆಲಸ. ಅದು ನಿಂತರೆ ಮೈಯೆಲ್ಲ ಒಸರತೊಡಗುತ್ತದೆ. ಬೆವರು, ಜೊಲ್ಲು, ಕಣ್ಣೀರು, ಕೊನೆಗೆ ಶ್ವಾಸಕೋಶದೊಳಗೂ ನೀರು. ನಾಡಿ ನಿಧಾನವಾಗುತ್ತದೆ, ಪಾಪೆ ಕಿರಿದಾಗುತ್ತದೆ, ಚರ್ಮದಡಿ ಮಾಂಸ ಅಲ್ಲಲ್ಲಿ ಅದುರುತ್ತದೆ. ಬಟ್ಟೆ ಬಿಚ್ಚಿಸಿ, ಸೋಪು ನೀರಿನಿಂದ ಮೈ ತೊಳೆದು, ಆ ವಿಷಕ್ಕೆ ಎದುರಾಗಿ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಶುರು ಮಾಡಿದರು. ಐದೈದು ನಿಮಿಷಕ್ಕೆ ಡೋಸ್ ಇಮ್ಮಡಿ ಮಾಡುತ್ತಾ, ಎದೆಯಲ್ಲಿ ಗುಳುಗುಳು ಸದ್ದು ನಿಲ್ಲುವ ತನಕ. ಮೊದಲ ಗಂಟೆಯಲ್ಲಿ ನನ್ನ ಬರಹವನ್ನೇ ನಂಬಿ ‘ಕುಡಿದಿದ್ದಾನೆ, ಮಲಗಲಿ’ ಅಂತ ಬಿಟ್ಟಿದ್ದರೆ ಅವನು ಉಳಿಯುತ್ತಿರಲಿಲ್ಲ. ಉಳಿದ. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ.

ಮರುದಿನ ಪಿಜಿ ನನ್ನನ್ನು ಬೈಯಲಿಲ್ಲ. ಒಂದು ಕೆಲಸ ಕೊಟ್ಟರು. ದಿನಾ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವನ ಹತ್ತಿರ ಹೋಗಿ, “ತಲೆದಿಂಬಿನಿಂದ ತಲೆ ಎತ್ತು” ಅನ್ನಬೇಕು. ಎತ್ತಿದನಾ ಇಲ್ಲವಾ ಬರೆಯಬೇಕು. ಅಷ್ಟೇ. ಈ ವಿಷದಲ್ಲಿ ಒಂದು ದಿನದಿಂದ ನಾಲ್ಕು ದಿನದ ಒಳಗೆ, ಎಲ್ಲ ಸರಿಹೋಯಿತು ಅನ್ನುವಾಗಲೇ, ಉಸಿರಾಡುವ ಮಾಂಸಖಂಡಗಳು ಸೋಲಬಹುದು. ಅದಕ್ಕೆ ಮೊದಲು ಕುತ್ತಿಗೆ ಸೋಲುತ್ತದೆ, ರೋಗಿಗೆ ತಲೆ ಎತ್ತಲು ಆಗುವುದಿಲ್ಲ. ಇದಕ್ಕೆ ಯಂತ್ರ ಬೇಡ. ದಿನಕ್ಕೆ ಮೂರು ಸಲ ಮರೆಯದೆ ಹೋಗಿ ಕೇಳುವ ಒಬ್ಬ ಮನುಷ್ಯ ಬೇಕು. ವಿದ್ಯಾರ್ಥಿಯಿಂದ ಏನು ಉಪಯೋಗ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಭಾಷೆಯ ಮಾತು ಬಂತಲ್ಲ, ಇನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಬೇರೆ ರಾಜ್ಯದಿಂದ ಬರುವ ಮಕ್ಕಳಿಗೆ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾರೆ. ಆದರೆ ಬೆಂಗಳೂರು, ಮಂಗಳೂರು ಕಡೆಯ ಕನ್ನಡದ ಮಕ್ಕಳು ‘ನಮಗೆ ಬರುತ್ತದಲ್ಲ’ ಅಂತ ಧೈರ್ಯವಾಗಿರುತ್ತಾರೆ, ಹೆಚ್ಚು ಎಡವುವುದು ಅವರೇ. ಇಲ್ಲಿ ನೋವಿಗೆ ಬ್ಯಾನಿ. ತಲಿಬ್ಯಾನಿ, ಹೊಟ್ಟಿಬ್ಯಾನಿ. ಏದುಸಿರಿಗೆ ದಮ್ಮು ಹತ್ತೋದು. ತಲೆ ತಿರುಗಿದರೆ ಚಕ್ಕರ್. ಮಾತ್ರೆಗೆ ಗುಳಗಿ. ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ. ಪಕ್ಕದ ಕಾಟಿನವರು ದಖನಿ ಉರ್ದುವಿನಲ್ಲಿ ಮಾತಾಡುತ್ತಾರೆ, ಅದರ ಪಕ್ಕದವರು ಲಂಬಾಣಿ ಭಾಷೆಯಲ್ಲಿ. ಬೀದರಿನಲ್ಲಾದರೆ ಮರಾಠಿಯೂ ಸೇರುತ್ತದೆ, ಯಾದಗಿರಿಯ ಗಡಿ ಕಡೆ ತೆಲುಗು. ಎಲ್ಲ ಕಲಿಯಲು ಆಗುವುದಿಲ್ಲ. ಅರ್ಥವಾಗದ ಮಾತನ್ನು ಅರ್ಥವಾದಂತೆ ಬರೆಯದೇ ಇರುವುದು ನಿಮ್ಮ ಕೈಲಿದೆ. “ಹಂಗಂದ್ರ ಏನ್ರಿ?” ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ಹೇಳಿಕೊಡುತ್ತಾರೆ.

ಈ ಮಾರ್ಚಿನ ಒಂದು ಕೇಸ್ ನೋಡಿ. ಚಿಂಚೋಳಿ ಕಡೆಯ ಹಳ್ಳಿಯ ಒಬ್ಬ ಆಯಿ. ಶರಣಬಸವೇಶ್ವರ ಜಾತ್ರೆಗೆಂದು ಕಲಬುರಗಿಯ ಮಗಳ ಮನೆಗೆ ಬಂದಿದ್ದರು. ಜಾತ್ರೆ ಮುಗಿದ ಮೇಲೆ ದಮ್ಮು ಹತ್ತಿ ಸೇರಿಸಿದರು. ಮಂಗಳೂರು ಕಡೆಯ ಮೂರನೇ ವರ್ಷದ ಹುಡುಗಿಗೆ ಆಯಿಯನ್ನು ಒಪ್ಪಿಸಿದ್ದೆವು. ಮೊದಲ ದಿನ ಅವಳು ನಿಂತೇ ಕೇಳಿದಳು, “ಎದೆ ನೋವಿದೆಯಾ?” ಆಯಿ “ಇಲ್ಲ” ಅಂದರು. ಅವಳು ಹಾಗೇ ಬರೆದಳು. ಎರಡನೇ ದಿನ ಸ್ಟೂಲ್ ಎಳೆದು ಕೂತಳು. “ಆಯಿ, ಎದೆಯಲ್ಲಿ ಏನಾಗ್ತದೆ ಅಂತ ನೀವೇ ಹೇಳಿ” ಅಂದಳು. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಬ್ಯಾನಿ ಇಲ್ಲವ್ವ. ಎದಿ ಮ್ಯಾಲ ಬೀಸೋಕಲ್ಲ ಇಟ್ಟಂಗ ಆಗ್ತದ.”

ಎರಡೂ ದಿನದ ಉತ್ತರದಲ್ಲಿ ಸುಳ್ಳಿಲ್ಲ. ಪ್ರಶ್ನೆ ಬದಲಾಯಿತು, ಅಷ್ಟೇ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಎಲ್ಲರಿಗೂ ನೋವೇ ಬರಬೇಕೆಂದಿಲ್ಲ. ಭಾರ, ಬಿಗಿತ, ಬರೀ ಸುಸ್ತು ಆಗಬಹುದು, ಅದರಲ್ಲೂ ವಯಸ್ಸಾದವರಲ್ಲಿ, ಶುಗರ್ ಇರುವವರಲ್ಲಿ, ಹೆಂಗಸರಲ್ಲಿ. ಹೌದು ಇಲ್ಲ ಅನ್ನುವ ಪ್ರಶ್ನೆ ಮೊದಲೇ ಎಸೆದರೆ ಉತ್ತರದ ಬಾಗಿಲು ಮುಚ್ಚುತ್ತದೆ. ಮೊದಲು ಅವರು ಮಾತಾಡಲಿ. ಆಮೇಲೆ ನೀವು ಕೆದಕಿ. ಮಲಗಿದರೆ ದಮ್ಮು ಜಾಸ್ತಿಯಾಗುತ್ತದಾ, ಎಷ್ಟು ದಿಂಬು ಬೇಕು, ನಡುರಾತ್ರಿ ಎದ್ದು ಕೂರುತ್ತೀರಾ, ಮೊದಲು ಬೋರಿಂಗ್ (ಕೈಪಂಪು) ತನಕ ಕೊಡ ಹಿಡಿದು ಹೋಗುತ್ತಿದ್ದವರು ಈಗ ಎಲ್ಲಿ ತನಕ ಹೋಗುತ್ತೀರಿ. ‘ಎಷ್ಟು ಮೀಟರ್ ನಡೀತೀರಿ’ ಅಂತ ಆಯಿಯನ್ನು ಕೇಳಬೇಡಿ.

ಮೂರನೇ ದಿನ ಆ ಹುಡುಗಿ ಇನ್ನೊಂದು ಕೆಲಸ ಮಾಡಿದಳು, ಅದಕ್ಕೆ ನಾನು ಅವಳ ಬೆನ್ನು ತಟ್ಟಿದೆ. ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ ಕ್ಯಾರಿಬ್ಯಾಗಿನಲ್ಲಿ ಹಾಕಿ ತರಲು ಮಗಳಿಗೆ ಹೇಳಿದ್ದಳು. ಒಂದೊಂದೇ ಪಟ್ಟಿ ಕಾಟಿನ ಮೇಲೆ ಹರಡಿ ಎಣಿಸಿದಳು. ಎಲ್ಲ ಪಟ್ಟಿಯೂ ಅರ್ಧರ್ಧ ಖಾಲಿ, ಒಂದು ಮಾತ್ರ ಮುಟ್ಟಿಲ್ಲ. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುವ ಗುಳಿಗೆ ಅದು. ಆಯಿ ಅದಕ್ಕೆ ಇಟ್ಟ ಹೆಸರು ‘ಉಚ್ಚಿ ಗುಳಗಿ’. ಯಾಕೆ ಬಿಟ್ಟಿರಿ ಅಂದರೆ, “ಬಸ್ಸಿನಾಗ ಹೆಂಗ ಕುಂದರಲಿ? ಜಾತ್ರ್ಯಾಗ ಎಲ್ಲಿ ಹೋಗಲಿ?” ಜಾತ್ರೆಗೆಂದು ಬಿಟ್ಟದ್ದು ಹಾಗೇ ಬಿಟ್ಟುಹೋಯಿತು. ಕೇಸ್ ಶೀಟಿನಲ್ಲಿ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಇತ್ತು, ಇಸಿಜಿ ಇತ್ತು, ಹೃದಯದ ಪಂಪ್ ಸೋತಿದೆ ಅಂತ ನಮಗೆಲ್ಲ ಗೊತ್ತಿತ್ತು. ಆದರೆ ಈ ವಾರವೇ ಯಾಕೆ ಸೋತಿತು ಅನ್ನೋದು ಗೊತ್ತಿದ್ದದ್ದು ಮೂರನೇ ವರ್ಷದ ಆ ಹುಡುಗಿಗೆ ಮಾತ್ರ.

ಹಿಸ್ಟರಿ ಆದ ಮೇಲೆ ಮೈ ಪರೀಕ್ಷೆ. ನೋಡು, ಮುಟ್ಟು, ಬಡಿ, ಕೇಳು, ಇದೇ ಕ್ರಮ. ಬೆರಳಿನಿಂದ ಎದೆ ಬಡಿದು ನೋಡುವ ಪದ್ಧತಿಯನ್ನು 1761ರಲ್ಲಿ ಬರೆದಿಟ್ಟವರು ಆಸ್ಟ್ರಿಯಾದ ಡಾಕ್ಟರ್ ಔಯೆನ್‌ಬ್ರುಗರ್. ಅವರ ಅಪ್ಪ ಛತ್ರ ನಡೆಸುತ್ತಿದ್ದರು. ಪೀಪಾಯಿ ಬಡಿದು ಒಳಗೆ ಎಷ್ಟು ದ್ರಾಕ್ಷಾರಸ ಉಳಿದಿದೆ ಅಂತ ಹೇಳುವುದನ್ನು ಮಗ ಅಲ್ಲೇ ನೋಡಿದ್ದು ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಗಡಿಗೆ ಬಡಿದು ನೋಡುವುದಿಲ್ಲವೇ, ಹಾಗೆ. ಸ್ಟೆತ್ ಬಂದದ್ದು 1816ರಲ್ಲಿ, ಪ್ಯಾರಿಸ್ಸಿನ ಡಾಕ್ಟರ್ ಲೆನೆಕ್ ಕಾಗದ ಸುತ್ತಿ ಕೊಳವೆ ಮಾಡಿ ರೋಗಿಯ ಎದೆಗಿಟ್ಟಾಗ. ಅಷ್ಟು ಹಳೆಯ ವಿದ್ಯೆ ಇದು, ಕೈಯಿಂದ ಕೈಗೆ ಬಂದದ್ದು. ಓದಿ ಬರುವುದಿಲ್ಲ. ನೂರು ಸರಿಯಿರುವ ಎದೆ ಕೇಳಿದ ಮೇಲೆ ನೂರಾ ಒಂದನೆಯದು ಬೇರೆ ಅಂತ ಕಿವಿಗೇ ಗೊತ್ತಾಗುತ್ತದೆ.

ಮುಟ್ಟುವ ಮೊದಲು ಕೈ ತೊಳೆಯಿರಿ, ಕೇಳಿ, ಪರದೆ ಎಳೆಯಿರಿ. ಹೆಣ್ಣುಮಕ್ಕಳನ್ನು ಹುಡುಗರು ಪರೀಕ್ಷಿಸುವಾಗ ಸಿಸ್ಟರೋ ಮನೆಯ ಹೆಂಗಸೋ ಪಕ್ಕದಲ್ಲಿರಬೇಕು. ‘ಬೇಡ’ ಅಂದರೆ ಬೇಡ. ವಿದ್ಯಾರ್ಥಿ ನೋಡುವುದನ್ನು ಬೇಡವೆನ್ನುವ ಹಕ್ಕು ಪ್ರತಿ ರೋಗಿಗೂ ಇದೆ, ಅದರಿಂದ ಅವರ ಚಿಕಿತ್ಸೆಗೆ ಏನೂ ಕೊರತೆಯಾಗಬಾರದು. ಒಂದೇ ದಿನ ಹತ್ತು ಜನ ಹೊಟ್ಟೆ ಒತ್ತಿ ನೋಡಿದರೆ ಆ ಮುತ್ಯಾನಿಗೆ ಎಷ್ಟು ನೋವಾಗಿರಬೇಕು ಅಂತ ಯೋಚಿಸಿ. ಅವರು ತಮ್ಮ ಮೈಯನ್ನು ನಿಮ್ಮ ಕಲಿಕೆಗೆ ಕೊಟ್ಟಿದ್ದಾರೆ. ಅದು ಸಾಲ, ದೊಡ್ಡ ಸಾಲ.

ಉಸಿರಿನ ಲೆಕ್ಕದ ಬಗ್ಗೆ ನನಗೆ ತಡೆಯಲಾಗದ ಒಂದು ಸಂಕಟ ಇದೆ. ಎಷ್ಟೋ ಚಾರ್ಟುಗಳಲ್ಲಿ ಎಲ್ಲ ರೋಗಿಗಳ ಉಸಿರೂ ನಿಮಿಷಕ್ಕೆ 18. ಎಣಿಸದೆ ಬರೆದದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ದೊಡ್ಡವರಿಗೆ 12ರಿಂದ 20 ಸರಿಯಾದ ಲೆಕ್ಕ. ಅದು 26, 28 ಆಗುವುದು ಎಷ್ಟೋ ಸಲ ಬಿಪಿ ಬೀಳುವುದಕ್ಕಿಂತ ಮೊದಲೇ ಬರುವ ಎಚ್ಚರಿಕೆ. ಹೀಗೆ ಮಾಡಿ: ಮಣಿಕಟ್ಟು ಹಿಡಿದು ನಾಡಿ ಎಣಿಸಿ, ಆಮೇಲೆ ಕೈ ಬಿಡದೆ ನಾಡಿ ನೋಡುತ್ತಿರುವ ಹಾಗೇ ಇದ್ದು ಎದೆಯ ಏರಿಳಿತ ಎಣಿಸಿ. ‘ಉಸಿರು ನೋಡುತ್ತಿದ್ದಾರೆ’ ಅಂತ ಗೊತ್ತಾದರೆ ಯಾರ ಉಸಿರೂ ಇದ್ದ ಹಾಗೆ ಇರುವುದಿಲ್ಲ. ಪೂರ್ತಿ ಒಂದು ನಿಮಿಷ ಎಣಿಸಿ.

ಇದೇ ಥರ ಕಾಯುವ ಕೆಲಸ ಇನ್ನೊಂದಿದೆ. ಮಳೆಗಾಲದಲ್ಲಿ ಹಾವು ಕಡಿದವರು ಬರುತ್ತಾರೆ. ಕೊಳಕುಮಂಡಲದಂಥ ಹಾವಿನ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ. ಅದು ಗೊತ್ತಾಗಲು ಒಂದು ಸರಳ ಪರೀಕ್ಷೆ: ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿನಲ್ಲಿ 2 ಮಿಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುವುದು, ಆಮೇಲೆ ಒಮ್ಮೆ ಬಗ್ಗಿಸಿ ನೋಡುವುದು. ಗಟ್ಟಿಯಾಗಿಲ್ಲ ಅಂದರೆ ವಿಷ ಕೆಲಸ ಮಾಡುತ್ತಿದೆ, ಪ್ರತಿವಿಷ ಬೇಕು. ಗಡಿಬಿಡಿಯಲ್ಲಿ 12ನೇ ನಿಮಿಷಕ್ಕೆ ಯಾರಾದರೂ ಅಲ್ಲಾಡಿಸಿಬಿಟ್ಟರೆ ಮತ್ತೆ ಮೊದಲಿನಿಂದ. ಆ 20 ನಿಮಿಷ ಗಡಿಯಾರ ನೋಡುತ್ತಾ ಟ್ಯೂಬ್ ಕಾಯುವ ವಿದ್ಯಾರ್ಥಿ ನಮ್ಮ ಪಾಲಿಗೆ ಬಂಗಾರ. ಕಟ್ಟುಹಾವಿನದು ಬೇರೆ ಕಥೆ. ನೆಲದ ಮೇಲೆ ಮಲಗಿದ್ದವರನ್ನು ರಾತ್ರಿ ಕಚ್ಚುತ್ತದೆ, ಗಾಯ ಕಾಣುವುದೇ ಇಲ್ಲ ಅನ್ನಬಹುದು. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದವನ ರೆಪ್ಪೆ ಜೋಲುತ್ತಿದ್ದರೆ, ‘ರಾತ್ರಿ ಎಲ್ಲಿ ಮಲಗಿದ್ದಿರಿ’ ಅನ್ನುವ ಪ್ರಶ್ನೆ ಜೀವ ಉಳಿಸುತ್ತದೆ.

ಈಗ ರೌಂಡ್ಸ್, ಅಂದರೆ ಯೂನಿಟ್ಟಿನವರೆಲ್ಲ ಕಾಟಿನಿಂದ ಕಾಟಿಗೆ ಹೋಗಿ ರೋಗಿಗಳನ್ನು ನೋಡುವುದು. ಎಲ್ಲರೂ ಹೆದರುವುದು ಇದಕ್ಕೇ. ರೌಂಡ್ಸ್ ಶುರುವಾಗುವ ಅರ್ಧ ಗಂಟೆ ಮೊದಲೇ ಬನ್ನಿ. ನಿಮ್ಮ ರೋಗಿಯನ್ನು ಒಮ್ಮೆ ಮಾತಾಡಿಸಿ. ರಾತ್ರಿ ಡ್ಯೂಟಿ ಸಿಸ್ಟರ್ ಮನೆಗೆ ಹೋಗುವ ಮೊದಲು ‘ರಾತ್ರಿ ಹೇಗಿದ್ದರು’ ಅಂತ ಕೇಳಿ. ಜ್ವರ ಎಷ್ಟಕ್ಕೆ ಹೋಗಿತ್ತು, ಎಷ್ಟು ಕುಡಿದರು, ಎಷ್ಟು ಮೂತ್ರ ಬಂತು, ನಿನ್ನೆ ಕಳಿಸಿದ ಪೊಟ್ಯಾಸಿಯಂ ರಿಪೋರ್ಟ್ ಬಂತಾ, ಬರೆದ ಇಂಜೆಕ್ಷನ್ ಕೊಟ್ಟರಾ, ಸ್ಕ್ಯಾನಿಗೆ ಕಳಿಸಿದ್ದು ಆಯಿತಾ ಅಥವಾ ರೇಷನ್ ಕಾರ್ಡಿನ ಜೆರಾಕ್ಸ್ ಇಲ್ಲ ಅಂತ ವಾಪಸ್ ಬಂದರಾ. ಈ ಕೊನೆಯದು ಪುಸ್ತಕದಲ್ಲಿಲ್ಲ. ಆದರೆ ಚಿಕಿತ್ಸೆ ಎರಡು ದಿನ ಹಿಂದೆ ಬೀಳುವುದು ಇಂಥದ್ದರಿಂದಲೇ. ನೀವು ಹೋಗಿ ಆ ಜೆರಾಕ್ಸ್ ಎಲ್ಲಿ ಕೊಡಬೇಕು ಅಂತ ತೋರಿಸಿದರೆ ಅದೂ ವೈದ್ಯಕೀಯವೇ.

ಕೇಸ್ ಹೇಳುವಾಗ ಹೊಸ ರೋಗಿಗೆ ಐದು ನಿಮಿಷ, ಹಳಬರಿಗೆ ಎರಡು ನಿಮಿಷ ಸಾಕು. ಯಾರು, ಏನಾಗಿ ಬಂದರು, ನಿನ್ನೆಯಿಂದ ಏನು ಬದಲಾಯಿತು, ಮೈಯಲ್ಲಿ ಏನು ಕಂಡಿರಿ, ರಿಪೋರ್ಟ್ ಏನು, ಕೊನೆಗೆ ನಿಮಗೇನು ಅನ್ನಿಸುತ್ತದೆ. ಆ ಕೊನೆಯ ಮಾತನ್ನು ಬಿಡಬೇಡಿ. ತಪ್ಪಾದರೂ ಒಂದು ಕಾಯಿಲೆ ಹೆಸರಿಸಿ, ಕಾರಣ ಹೇಳಿ. ಕಾರಣ ಸರಿಯಿದ್ದು ಹೆಸರು ತಪ್ಪಿದರೆ ತಿದ್ದುವುದು ಸುಲಭ. ಏನೂ ಹೇಳದೆ ಹತ್ತು ಹೆಸರಿನ ಪಟ್ಟಿ ಒಪ್ಪಿಸಿದರೆ ಎಲ್ಲಿ ತಿದ್ದಬೇಕು ಅಂತ ನಮಗೂ ತಿಳಿಯುವುದಿಲ್ಲ.

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್, ನೋಡಿ ಬರುತ್ತೇನೆ’ ಅನ್ನಿ. ನೋಡಿಲ್ಲದ್ದಕ್ಕೆ ‘ನೋಡಿಲ್ಲ ಮೇಡಂ’ ಅನ್ನಿ. ಒಂದು ಕ್ಷಣ ಬೈಗುಳ ಬೀಳಬಹುದು, ಬೀಳಲಿ. ಕುತ್ತಿಗೆ ಮುಟ್ಟದೆ ‘ಗಂಟುಗಳಿಲ್ಲ’ ಅಂದರೆ, ಆ ಮಾತು ಕೇಸ್ ಶೀಟ್ ಸೇರುತ್ತದೆ. ಮುಂದಿನವರು ಅದನ್ನು ನಂಬುತ್ತಾರೆ. ಟಿಬಿ ಗಂಟು ತಿಂಗಳು ತಡವಾಗಿ ಸಿಗುತ್ತದೆ. ದಡ್ಡತನವನ್ನು ನಾನು ನೂರು ಸಲ ಕ್ಷಮಿಸುತ್ತೇನೆ. ಕಾಣದ್ದನ್ನು ಕಂಡೆ ಅಂದದ್ದನ್ನು ಒಂದು ಸಲವೂ ಬಿಡುವುದಿಲ್ಲ.

ರೌಂಡ್ಸ್ ನಡೆಯುವುದು ಇಂಗ್ಲಿಷಿನಲ್ಲಿ. ಕಾಟಿನ ಮೇಲೆ ಮಲಗಿದವರಿಗೆ ತಮ್ಮ ಬಗ್ಗೆ ಏನೋ ಮಾತಾಡುತ್ತಿದ್ದಾರೆ ಅಂತಷ್ಟೇ ಗೊತ್ತಾಗುತ್ತದೆ. ಎಲ್ಲರ ಮುಖ ನೋಡುತ್ತಾರೆ. ಯಾರಾದರೂ ತಲೆ ಅಲ್ಲಾಡಿಸಿದರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ರೌಂಡ್ಸ್ ಮುಂದೆ ಹೋದ ಮೇಲೆ ಹಿಂದೆ ಬಂದು, ಪಿಜಿಯನ್ನು ಕೇಳಿಕೊಂಡು, ‘ಇವತ್ತು ಇದು ಮಾಡುತ್ತಾರೆ, ನಾಳೆ ಇದು’ ಅಂತ ಅವರ ಭಾಷೆಯಲ್ಲಿ ಹೇಳಿ. ಕೆಟ್ಟ ಸುದ್ದಿ ಇದ್ದರೆ ಅದು ನಿಮ್ಮ ಬಾಯಿಂದ ಬರಬಾರದು. ಅದನ್ನು ಹೇಳುವ ಜವಾಬ್ದಾರಿ ದೊಡ್ಡವರದು. ಆದರೆ ಅವರು ಹೇಗೆ ಹೇಳುತ್ತಾರೆ ಅಂತ ಪಕ್ಕದಲ್ಲಿ ನಿಂತು ನೋಡಿ.

ಗುಟ್ಟಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಇದರಲ್ಲಿ ಚರ್ಚೆ ಇಲ್ಲ. ರೋಗಿಯ ಫೋಟೊ, ಎಕ್ಸ್‌ರೇ ಮೇಲಿನ ಹೆಸರು, ಕೇಸ್ ಶೀಟ್, ಯಾವುದೂ ವಾಟ್ಸ್ಆ್ಯಪ್ ಗುಂಪಿಗೆ ಹೋಗಬಾರದು. ಕ್ಯಾಂಟೀನಿನಲ್ಲಿ, ಹಾಸ್ಟೆಲ್ ಬಸ್ಸಿನಲ್ಲಿ ಹೆಸರು ಹಿಡಿದು ಮಾತಾಡಬಾರದು. ಎಚ್‌ಐವಿ ವಿಷಯದಲ್ಲಂತೂ ಗುಟ್ಟು ಕಾಯುವುದು 2017ರ ಕಾಯ್ದೆಯ ಪ್ರಕಾರ ಕಡ್ಡಾಯ.

ನಿಮ್ಮ ಮೈ ಕಾಪಾಡಿಕೊಳ್ಳುವುದೂ ಕೆಲಸದ ಭಾಗ. ಪೋಸ್ಟಿಂಗ್ ಶುರುವಾಗುವ ಮೊದಲು ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಮುಗಿದಿರಲಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಚುಚ್ಚಿಕೊಳ್ಳುವುದು ಆಗಲೇ. ಚುಚ್ಚಿದರೆ ಹಿಂಡಬೇಡಿ, ಬಾಯಿಗೆ ಇಡಬೇಡಿ, ಸೋಪು ನೀರಿನಲ್ಲಿ ತೊಳೆದು ತಕ್ಷಣ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಟ್ಟ ಮಕ್ಕಳನ್ನು ನೋಡಿದ್ದೇನೆ. ಎಚ್‌ಐವಿ ತಡೆಯುವ ಗುಳಿಗೆ ಆದಷ್ಟು ಬೇಗ, 2 ಗಂಟೆಯ ಒಳಗೆ ಶುರುವಾದರೆ ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಟಿಬಿ ಕೆಮ್ಮಿನ ಹತ್ತಿರ ಎನ್-95 ಮಾಸ್ಕ್ ಇರಲಿ. ದೇಶದಲ್ಲಿ ಕೋವಿಡ್‌ನಿಂದ ದಾಖಲಾದ ಮೊದಲ ಸಾವು, 2020ರ ಮಾರ್ಚ್‌ನಲ್ಲಿ, ಇದೇ ಕಲಬುರಗಿಯ 76 ವರ್ಷದ ಹಿರಿಯರದು. ಮಾಸ್ಕಿನ ಪಾಠ ಈ ಊರಿಗೆ ಹೊಸದಲ್ಲ.

ಹಾಜರಿ, ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್, ಇಂಟರ್ನಲ್ ಮಾರ್ಕ್ಸ್ ಬಗ್ಗೆ ಎಲ್ಲ ಕಾಲೇಜಿನಲ್ಲೂ ಹೇಳುತ್ತಾರೆ. ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಹಾಜರಿ ಬೇಕು. ಲಾಗ್‌ಬುಕ್ಕಿಗೆ ಅವತ್ತೇ ಸಹಿ ಹಾಕಿಸಿಕೊಳ್ಳಿ. ಓದು ಅಂದರೆ, ಬೆಳಿಗ್ಗೆ ನೋಡಿದ ರೋಗಿಯ ಕಾಯಿಲೆಯನ್ನು ರಾತ್ರಿ ಓದಿ. ಆಯಿಯನ್ನು ನೋಡಿದ ರಾತ್ರಿ ಹೃದಯ ವೈಫಲ್ಯದ ಪಾಠ ಓದಿದರೆ ಆ ಪುಟಕ್ಕೆ ಆಯಿಯ ಮುಖ ಅಂಟಿಕೊಳ್ಳುತ್ತದೆ. ಮರೆಯಲು ಆಗುವುದಿಲ್ಲ.

ಡಿಸ್ಚಾರ್ಜ್ ದಿನ ಎಲ್ಲರೂ ಗಡಿಬಿಡಿಯಲ್ಲಿರುತ್ತಾರೆ. ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ. ನಮ್ಮ ಆಯಿ ಮನೆಗೆ ಹೊರಟದ್ದು ಏಳನೇ ದಿನ. ಮಂಗಳೂರಿನ ಆ ಹುಡುಗಿ ಗುಳಿಗೆ ಕವರುಗಳ ಮೇಲೆ ಪೆನ್ನಿನಲ್ಲಿ ಸೂರ್ಯ, ಚಂದ್ರ ಬರೆಯುತ್ತಾ ಕೂತಿದ್ದಳು. ‘ಉಪ್ಪು ಕಮ್ಮಿ ಮಾಡಿ’ ಅಂತ ಹೇಳಿ ಬಿಡಲಿಲ್ಲ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ (ಚಟ್ನಿಪುಡಿ), ಒಂದೊಂದನ್ನೂ ಹೆಸರಿಸಿ ಕೇಳಿದಳು, ಯಾವುದು ದಿನಾ, ಯಾವುದು ಯಾವಾಗಲಾದರೊಮ್ಮೆ ಅಂತ. ಬೆಳಿಗ್ಗೆ ಎದ್ದು ಮೊಣಕಾಲ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ನೋಡಲು ಮಗಳಿಗೆ ತೋರಿಸಿಕೊಟ್ಟಳು. ಗುಳಿ ಬಿದ್ದರೆ ಕಾಯಬೇಡಿ, ಬಂದುಬಿಡಿ. ಆಮೇಲೆ ಆಯಿಯ ಕೈ ಹಿಡಿದು, “ಈಗ ನೀವು ನನಗೆ ಹೇಳಿ, ಹೇಗೆ ತಗೋತೀರಿ?” ಅಂದಳು.

ಆಯಿ ಕವರುಗಳನ್ನು ಒಂದೊಂದಾಗಿ ಎತ್ತಿ ಹೇಳಿದರು. ಉಚ್ಚಿ ಗುಳಗಿಗೆ ಬಂದಾಗ ಸ್ವಲ್ಪ ನಿಂತರು. “ಇದು ಮುಂಜಾನಿ. ಬಸ್ಸಿಗಿ ಹೋಗೋದಿದ್ರ?”

ಹುಡುಗಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಏಳು ದಿನದಲ್ಲಿ ಕಲಿತ ಕಲಬುರಗಿ ಮಾತಿನಲ್ಲಿ ಅವಳು ಹೇಳಿದಳು: “ಬಸ್ ಇಳಿದು ಮನಿ ಮುಟ್ಟಿದ ಮ್ಯಾಲ ತಗೋರಿ ಆಯಿ. ಹೊತ್ತು ಮುಂದ ಹಾಕ್ರಿ. ಬಿಡಬ್ಯಾಡ್ರಿ.”